ಗುಜರಿಗೆ ಹಾಕಿದರೆ ಮರ್ಯಾದೆ, ಫೋನ್‌ನಲ್ಲಿ ಮಾರಿದರೆ ಬಡತನ!

ನಮ್ಮ ರಾಯಚೂರು ಕಡೆ ಒಂದು ವಿಚಿತ್ರ ಲೆಕ್ಕ ಇದೆ. ಚೆನ್ನಾಗಿ ತಿರುಗುವ ಕೂಲರ್, ಗಟ್ಟಿಯಾಗಿರುವ ಅಲ್ಮಾರಿ, ಟ್ಯೂಬ್ ಮಾತ್ರ ಹೋಗಿರುವ ಮಕ್ಕಳ ಸೈಕಲ್, ಇವನ್ನೆಲ್ಲ ಗುಜರಿ ಗಾಡಿಗೆ ಕಿಲೋ ಲೆಕ್ಕದಲ್ಲಿ ಹಾಕಿದರೆ ಯಾರೂ ಏನೂ ಅನ್ನಲ್ಲ. "ಮನೆ ಸ್ವಚ್ಛ ಆಯ್ತು ಬಿಡ್ರಿ" ಅಂತಾರೆ. ಅದೇ ಕೂಲರಿನ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಒಳ್ಳೆ ಬೆಲೆಗೆ ಹಾಕಿದರೆ ಓಣಿಗೆಲ್ಲ ಚಿಂತೆ ಶುರು. ಪಾಪ, ಅವರ ಮನೆಯಲ್ಲಿ ಏನಾಯ್ತೋ ಏನೋ! ಪುಡಿಗಾಸಿಗೆ ಕೊಟ್ಟರೆ ಮರ್ಯಾದೆ, ಬೆಲೆ ಕೇಳಿ ಮಾರಿದರೆ ಬಡತನ. ಈ ಲೆಕ್ಕ ನನ್ನ ತಲೆಗಂತೂ ಹತ್ತಿಲ್ಲ.

ನಮ್ಮ ಹಳೇ ಕೂಲರನ್ನು ಓಎಲ್‌ಎಕ್ಸ್‌ನಲ್ಲೂ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೂ ಹಾಕಿದ ದಿನ ಸಂಜೆಯೊಳಗೆ ಸಿಂಧನೂರಿನಿಂದ ನೆಂಟರ ಫೋನ್. "ಏನ್ರೀ, ಟ್ರಾನ್ಸ್‌ಫರ್ ಆತೇನು? ಮನಿ ಖಾಲಿ ಮಾಡಾಕತ್ತೀರಂತಲ್ಲ?" ಫೋಟೊದಲ್ಲಿ ಹಿಂದೆ ಕಾಣುತ್ತಿದ್ದ ನಮ್ಮ ಹಸಿರು ಗೋಡೆಯನ್ನು ಯಾರೋ ಗುರುತು ಹಿಡಿದಿದ್ದರು. ಅತ್ತೆಯವರದು ಬೇರೆ ಸಂಕಟ. "ಮನಿ ಸಾಮಾನು ಫೋನಿನ್ಯಾಗ ಹಾಕಿ ಮಾರಿದ್ರ ಮಂದಿ ದಿವಾಳಿ ಎದ್ದಾರ ಅಂತಾರವ್ವ."

ಅವರ ಮಾತನ್ನು ನಾನು ಸುಮ್ನೆ ತಳ್ಳಿಹಾಕಲ್ಲ. ಅವರ ಕಾಲದಲ್ಲಿ ಮನೆಯ ಸಾಮಾನು ಹೊಸ್ತಿಲು ದಾಟಿ ಮಾರಾಟಕ್ಕೆ ಹೋಗುತ್ತಿದ್ದದ್ದು ಬರ ಬಿದ್ದಾಗ, ಇಲ್ಲ ಸಾಲದವರು ಬಾಗಿಲಿಗೆ ಬಂದಾಗ. ಮೊದಲು ತಾಮ್ರದ ಹಂಡೆ ಹೋಗೋದು, ಆಮೇಲೆ ಎತ್ತು. ಅದನ್ನು ಕಣ್ಣಾರೆ ಕಂಡವರಿಗೆ ಮಾರೋದು ಅಂದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಆದರೆ ಈಗ ನಮ್ಮ ಅಟ್ಟದ ಮೇಲೆ ಕೂತಿರೋದು ಏನು ಹೇಳಿ? ಎರಡನೇ ಮಿಕ್ಸರ್, ಮೂರನೇ ಇಸ್ತ್ರಿ ಪೆಟ್ಟಿಗೆ, ಮದುವೆಗೆ ಬಂದು ಇನ್ನೂ ಪೆಟ್ಟಿಗೆ ಬಿಚ್ಚದ ಡಿನ್ನರ್ ಸೆಟ್, ಹತ್ತನೇ ಕ್ಲಾಸು ಮುಗಿಸಿದ ಹುಡುಗನ ಟೇಬಲ್ಲು. ಇವನ್ನು ಮಾರಿದರೆ ಯಾರ ಮಾನ ಹೋಗುತ್ತದೆ?

ಕೂಲರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಜಿಲ್ಲೆಯಲ್ಲಿ ಸೆಕೆಂಡ್ ಹ್ಯಾಂಡ್ ಸಾಮಾನು ಅಂದರೆ ಮೊದಲ ಹೆಸರು ಅದರದೇ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಕೂಲರ್ ನಡೆಯೋದು ಅಷ್ಟರ ಮೇಲೇ. ಗಾಳಿ ಒಣಗಿದಷ್ಟೂ ತಂಪು ಜಾಸ್ತಿ. ಮಂಗಳೂರಿನಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಅಲ್ಲಿ ಕೂಲರ್ ಹಚ್ಚಿದರೆ ಮೈ ಇನ್ನಷ್ಟು ಅಂಟುತ್ತದೆ. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದರೂ ಗಾಳಿ ಒಣಗಿರುತ್ತದೆ. ಹಾಗಾಗಿ ಎಸಿ ಇಲ್ಲದ ಮನೆಗೆ ಕೂಲರೇ ಗತಿ. ಎಸಿ ಇದ್ದವರೂ ಕರೆಂಟ್ ಬಿಲ್ ನೋಡಿ ಹಾಲ್‌ಗೆ ಒಂದು ಕೂಲರ್ ಇಡುತ್ತಾರೆ.

ಇಷ್ಟಿದ್ದೂ ನಮ್ಮ ಜನ ಕೂಲರ್ ಮಾರೋದು ಯಾವಾಗ? ದೀಪಾವಳಿಗೆ ಮನೆ ಸುಣ್ಣ ಬಳಿಯುವಾಗ! ಜಾಗ ಬೇಕು ಅಂತ ಅವತ್ತೇ ಗುಜರಿಯವನನ್ನು ಕರೆಯುತ್ತಾರೆ. ಚಳಿ ಬೀಳುವ ಹೊತ್ತಿಗೆ ಕೂಲರ್ ಯಾರಿಗೆ ಬೇಕು? ನಾಲ್ಕು ತಿಂಗಳು ಮೂಲೆಯಲ್ಲಿ ಚೀಲ ಹೊದಿಸಿ ಇಟ್ಟು ಮಾರ್ಚ್‌ನಲ್ಲಿ ಹೊರಗೆ ತೆಗೆಯಿರಿ. ಬೋರ್ ನೀರಿನ ಉಪ್ಪು ಪ್ಯಾಡಿನ ಮೇಲೆ, ಟಬ್‌ನಲ್ಲಿ ಬೆಳ್ಳಗೆ ಪದರ ಕಟ್ಟಿರುತ್ತದೆ, ಅದನ್ನು ಉಜ್ಜಿ ತೆಗೆಯಿರಿ. ಹುಲ್ಲಿನ ಪ್ಯಾಡ್ ಹೊಸದು ಹಾಕಿಸಿ, ಪಂಪ್ ನೀರು ಎತ್ತುತ್ತಿದೆಯಾ ನೋಡಿ. ಆಮೇಲೆ ಬರೀ ಫೋಟೊ ಸಾಲದು, ಕೂಲರ್ ತಿರುಗುತ್ತಿರುವ ಸಣ್ಣ ವಿಡಿಯೊ ತೆಗೆದು ಇಟ್ಟುಕೊಳ್ಳಿ. ಕೇಳಿದವರಿಗೆ ಅದನ್ನೇ ಕಳಿಸಿ. ಮೋಟಾರಿನ ಸದ್ದು ಕೇಳಿಸಿದರೆ ಅರ್ಧ ಅನುಮಾನ ಅಲ್ಲೇ ಹೋಗುತ್ತದೆ. ಗುಜರಿಯವರು ಐನೂರು ಅಂದಿದ್ದ ನಮ್ಮ ಕೂಲರ್ 2,800 ರೂಪಾಯಿಗೆ ಹೋಯಿತು. ಪ್ಯಾಡ್, ಬಣ್ಣದ ಖರ್ಚು ಕಳೆದರೂ ನಷ್ಟವೇನಿಲ್ಲ ಅಲ್ವಾ?

ಕೊಳ್ಳುವವರು ಯಾರು ಅನ್ನೋದೂ ನಮ್ಮ ಊರಿನ ಮೇಲೇ ನಿಂತಿದೆ. ರಿಮ್ಸ್ ಮೆಡಿಕಲ್ ಕಾಲೇಜು ಇದೆ, ಕೃಷಿ ವಿಶ್ವವಿದ್ಯಾಲಯ ಇದೆ, ಟ್ರಿಪಲ್ ಐಟಿ ಬಂದಿದೆ. ಶಕ್ತಿನಗರದಲ್ಲಿ, ಯರಮರಸ್‌ನಲ್ಲಿ ಥರ್ಮಲ್ ಪ್ಲಾಂಟ್‌ಗಳಿವೆ. ಅಂದರೆ ವರ್ಷಾವರ್ಷ ಒಂದಷ್ಟು ಜನ ಬಾಡಿಗೆ ರೂಮಿಗೆ ಬರುತ್ತಾರೆ, ಒಂದಷ್ಟು ಜನ ವರ್ಗಾವಣೆ ಆಗಿ ಹೋಗುತ್ತಾರೆ. ಎರಡು ವರ್ಷ ಇರುವ ರೂಮಿಗೆ ಹೊಸ ಮಂಚ ಯಾರು ತರುತ್ತಾರೆ? ಕಾಲೇಜು ಶುರುವಾಗುವ ಹೊತ್ತಿಗೆ ಓದುವ ಟೇಬಲ್, ಸಿಂಗಲ್ ಮಂಚ, ಸಣ್ಣ ಫ್ರಿಜ್ ಹಾಕಿ ನೋಡಿ, ಫೋನ್ ಕೆಳಗಿಡೋಕೆ ಬಿಡುವುದಿಲ್ಲ. ಜಾಹೀರಾತು ಮಾತ್ರ ಬರೀ ಇಂಗ್ಲಿಷಿನಲ್ಲಿ ಬರೆಯಬೇಡಿ. ನಮ್ಮದು ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯಲ್ಲಿ ಕೇಳಿಸುವ ಊರು. ಉದ್ದ-ಅಗಲ, ಎಷ್ಟು ವರ್ಷ ಹಳೆಯದು, ಏನು ಕೆಟ್ಟಿದೆ ಅನ್ನೋದನ್ನು ಸರಳ ಕನ್ನಡದಲ್ಲಿ ಹಾಕಿ. ಓದಲು ಬರದವರು ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಬೇಸರ ಮಾಡಿಕೊಳ್ಳದೆ ವಾಯ್ಸ್‌ನಲ್ಲೇ ಉತ್ತರ ಕೊಡಿ. ನನ್ನ ಅನುಭವದಲ್ಲಿ ಹೇಳಿದ ಟೈಮಿಗೆ ಟಂಟಂ ಆಟೊ ತಂದು, ದುಡ್ಡು ಎಣಿಸಿ, ಸಾಮಾನು ಎತ್ತಿಕೊಂಡು ಹೋದವರು ಅವರೇ ಜಾಸ್ತಿ.

ಬೆಲೆ ಇಡೋ ವಿಷಯದಲ್ಲಿ ನಾವು ಮಾರುವವರು ಮಾಡೋ ಅತಿರೇಕ ಒಂದೆರಡಲ್ಲ. "2014ರಲ್ಲಿ 38 ಸಾವಿರ ಕೊಟ್ಟು ತಂದ ಸೋಫಾರೀ, 20ಕ್ಕೆ ಕಡಿಮೆ ಕೊಡಲ್ಲ." ತಂದಾಗಿನ ಬೆಲೆ ಕೊಳ್ಳುವವನಿಗೆ ಯಾಕೆ ಬೇಕು? ಇವತ್ತು ಅಂಗಡಿಯಲ್ಲಿ ಅಂಥದ್ದೇ ಹೊಸದು ಎಷ್ಟಕ್ಕೆ ಸಿಗುತ್ತದೆ, ಅದೂ ತಿಂಗಳ ಕಂತಿನಲ್ಲಿ, ಅಂತ ಅವನು ನೋಡಿಕೊಂಡೇ ಬಂದಿರುತ್ತಾನೆ. ಹೊಸದಕ್ಕೂ ಹಳೆಯದಕ್ಕೂ ದೊಡ್ಡ ಅಂತರ ಇಲ್ಲದಿದ್ದರೆ ಹಳೆಯದನ್ನು ಯಾರೂ ಮುಟ್ಟಲ್ಲ. ಸಾಗಿಸುವ ಗಾಡಿ ಬಾಡಿಗೆಯೂ ಅವನ ತಲೆಯ ಮೇಲೇ. ಇದನ್ನೆಲ್ಲ ಕಳೆದು ಉಳಿದದ್ದೇ ನಿಮ್ಮ ಸೋಫಾದ ಬೆಲೆ. ಅದರ ಮೇಲೆ ನೀವು ಕೇಳೋದು ನಿಮ್ಮ ಪ್ರೀತಿಯ ಬೆಲೆ, ಅದನ್ನು ನೀವೇ ಇಟ್ಟುಕೊಳ್ಳಬೇಕು.

ಇನ್ನು ಕೊಳ್ಳುವವರ ಕಾಟ. ಫೋಟೊ ಸರಿಯಾಗಿ ನೋಡಿರಲ್ಲ, ಮೊದಲ ಮೆಸೇಜೇ "ಲಾಸ್ಟ್ ಎಷ್ಟ್ರಿ?" ನಾನು ಅದಕ್ಕೆ ಒಂದೇ ಉತ್ತರ ಇಟ್ಟುಕೊಂಡಿದ್ದೀನಿ: "ಬಂದು ನೋಡ್ರಿ, ಮಾತಾಡೋಣ." ನೋಡದೆ ಚೌಕಾಸಿ ಮಾಡುವವರು ಕೊಳ್ಳುವವರಲ್ಲ, ಬೇಜಾರು ಕಳೆಯುವವರು. ಮನೆ ಬಾಗಿಲಿಗೆ ಬಂದವರ ಹತ್ತಿರ ಮಾತ್ರ ಚೌಕಾಸಿ ಮಾಡಲೇಬೇಕು. ಇನ್ನೂರು ರೂಪಾಯಿ ಇಳಿಸಿದರೆ ಅವರಿಗೂ ಖುಷಿ. ಅದಕ್ಕೇ ಆ ಇನ್ನೂರನ್ನು ಮೊದಲೇ ಮೇಲೆ ಇಟ್ಟಿರಬೇಕು. ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಮಾರಿದ ಮನೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ಹೆಣ್ಣುಮಕ್ಕಳಿಗೆ ಇನ್ನೊಂದು ಕಾಟ ಇದೆ, ಅದನ್ನು ಯಾರೂ ಬರೆಯಲ್ಲ. ಮಿಕ್ಸರ್ ಮಾರಾಟಕ್ಕಿದೆ ಅಂತ ನಂಬರ್ ಹಾಕಿದರೆ ರಾತ್ರಿ ಹನ್ನೊಂದಕ್ಕೆ "ಹಾಯ್ ಮೇಡಂ, ಊಟ ಆಯ್ತಾ?" ಊಟ ಆಗಿದ್ದರೆ ಮಿಕ್ಸರ್ ಕೊಳ್ಳುತ್ತೀರೇನಪ್ಪಾ? ಜಾಹೀರಾತಿನಲ್ಲಿ ನಂಬರ್ ಕಾಣಿಸದ ಹಾಗೆ ಇಟ್ಟು ಆ್ಯಪ್‌ನ ಚಾಟ್‌ನಲ್ಲೇ ಮಾತು ಮುಗಿಸಿ. ಮನೆ ವಿಳಾಸವನ್ನು ಬರುವ ದಿನ ಮಾತ್ರ ಕೊಡಿ, ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಿಗೆ ಕರೆಯಿರಿ. ಸಣ್ಣ ಸಾಮಾನಾದರೆ ತೀನ್ ಕಂದೀಲ್ ಹತ್ತಿರವೋ ಬಸ್ ಸ್ಟ್ಯಾಂಡ್ ಹತ್ತಿರವೋ ಜನ ಇರುವ ಕಡೆ ಕೊಟ್ಟು ಬನ್ನಿ.

ಮೋಸದ ವಿಷಯ ಎಲ್ಲರೂ ಕೇಳಿದ್ದೀರಿ, ಆದರೂ ಜನ ಇನ್ನೂ ಬೀಳುತ್ತಿದ್ದಾರೆ. ಗುರುತು ಸುಲಭ. ಸಾಮಾನು ನೋಡಲು ಬರಲ್ಲ, ಚೌಕಾಸಿ ಮಾಡಲ್ಲ, ನೀವು ಹೇಳಿದ ಬೆಲೆಗೆ ತಕ್ಷಣ ಒಪ್ಪುತ್ತಾನೆ. ತಾನು ಸೇನೆಯಲ್ಲಿ ಇದ್ದೀನಿ, ಈಗಷ್ಟೇ ವರ್ಗ ಆಗಿದೆ ಅಂತ ಹಿಂದಿಯಲ್ಲಿ ಹೇಳಿ ಒಂದು ಐಡಿ ಕಾರ್ಡಿನ ಫೋಟೊ ಕಳಿಸುತ್ತಾನೆ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ" ಅನ್ನುತ್ತಾನೆ. ಚೌಕಾಸಿಯೇ ಮಾಡದ ಗಿರಾಕಿಯನ್ನು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಕಂಡಿದ್ದೀರಾ? ಅಲ್ಲೇ ಅನುಮಾನ ಬರಬೇಕು. ಯುಪಿಐನಲ್ಲಿ ದುಡ್ಡು ಬರೋದಕ್ಕೆ ಸ್ಕ್ಯಾನ್ ಬೇಡ, ಪಿನ್ ಬೇಡ. ಬ್ಯಾಲೆನ್ಸ್ ನೋಡೋದು ಬಿಟ್ಟರೆ, ಇಂಥ ಕಡೆ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಒಬ್ಬರು ಇನ್ನೊಬ್ಬರಿಂದ ದುಡ್ಡು ಕೇಳುವ ಕಲೆಕ್ಟ್ ರಿಕ್ವೆಸ್ಟನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ, ಆ ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಬಾಗಿಲು ತೆರೆದೇ ಇದೆ. ಎದುರಿಗೆ ನಿಂತು ಪೇಮೆಂಟ್ ಸ್ಕ್ರೀನ್‌ಶಾಟ್ ತೋರಿಸುವವರೂ ಇದ್ದಾರೆ, ನಿಮ್ಮ ಖಾತೆಯಲ್ಲಿ ಬ್ಯಾಲೆನ್ಸ್ ನೋಡಿಕೊಳ್ಳದೆ ಸಾಮಾನು ಬಿಡಬೇಡಿ. ದುಡ್ಡು ಹೋಗೇಬಿಟ್ಟರೆ ನಾಚಿಕೆ ಪಡುತ್ತ ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಎಲ್ಲವನ್ನೂ ಆನ್‌ಲೈನ್‌ನಲ್ಲೇ ಮಾರಬೇಕು ಅಂತ ನಾನು ಹೇಳ್ತಿಲ್ಲ. ಇನ್ವರ್ಟರ್ ಬ್ಯಾಟರಿ ಸತ್ತಿದ್ದರೆ ಜಾಹೀರಾತು ಹಾಕಿ ಪ್ರಯೋಜನವಿಲ್ಲ. ಅದರೊಳಗಿನ ಸೀಸಕ್ಕೆ ಬೆಲೆ ಇದೆ, ಹೊಸದು ತಗೊಳ್ಳುವ ಅಂಗಡಿಯವರೇ ಹಳೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಡಬ್ಬಾ ಟಿವಿಯನ್ನು ಯಾರೂ ಕೇಳಲ್ಲ. ಹತ್ತಿ ಗಾದಿಯನ್ನು ಮಾರೋದೇ ಬೇಡ. ಹತ್ತಿ ಬೆಳೆಯುವ ಜಿಲ್ಲೆಯಲ್ಲಿದ್ದು, ಹಿಂಜಿ ಹೊಸದು ಮಾಡಿಕೊಡುವ ಪಿಂಜಾರರು ಇರುವಾಗ ಅದನ್ನು ಬಿಸಾಡಿ ಫೋಮ್ ಹಾಸಿಗೆ ತರೋದು ನನಗೆ ಸರಿ ಕಾಣಲ್ಲ. ತೊಟ್ಟಿಲು ಮಾರಬಾರದು ಅಂತ ಅತ್ತೆ ಹೇಳಿದ್ದನ್ನು ನಾನು ಒಪ್ಪಿಕೊಂಡಿದ್ದೀನಿ. ನಮ್ಮ ತೊಟ್ಟಿಲು ಈಗ ದೇವದುರ್ಗದಲ್ಲಿ ನಾದಿನಿಯ ಮನೆಯಲ್ಲಿದೆ, ಅಲ್ಲಿಂದ ಇನ್ನೊಬ್ಬರ ಮನೆಗೆ ಹೋಗುತ್ತದೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಕಿಲೋ ಲೆಕ್ಕದಲ್ಲಿ ಕೇಳಿಕೊಂಡು ಬರುವವರಿಗಂತೂ ಕೊಡಲೇಬೇಡಿ. ಅದೇ ಹಂಡೆ ಉಜ್ಜಿಸಿಕೊಂಡು ದೊಡ್ಡ ಊರಿನಲ್ಲಿ "ಆಂಟಿಕ್" ಆಗಿ ಯಾರದೋ ಹಾಲ್‌ನಲ್ಲಿ ಗಿಡ ಹಾಕಿಸಿಕೊಂಡು ಕೂರುತ್ತದೆ.

ಚೆನ್ನಾಗಿ ಹೋಗೋದು ಹೊಲಿಗೆ ಯಂತ್ರ. ಕಾಲಲ್ಲಿ ತುಳಿಯುವ ಹಳೇ ಯಂತ್ರಕ್ಕೂ ಬೇಡಿಕೆ ಇದೆ, ಮನೆಯಲ್ಲೇ ಬ್ಲೌಸ್ ಹೊಲಿಯಲು ಶುರು ಮಾಡುವವರು ಹುಡುಕುತ್ತಿರುತ್ತಾರೆ. ನಮ್ಮದನ್ನು ಮಾನ್ವಿ ಕಡೆಯ ಒಬ್ಬ ಹೆಣ್ಣುಮಗಳು ತಗೊಂಡಳು. ಸೂಜಿ ಹಾಕಿ, ತನ್ನ ದಾರ ಪೋಣಿಸಿ, ತಾನೇ ತಂದಿದ್ದ ಬಟ್ಟೆಯ ಮೇಲೆ ಎರಡು ಸಾಲು ಹೊಲಿದು ನೋಡಿ ಆಮೇಲೆ ಬೆಲೆ ಮಾತಾಡಿದಳು. ಹಾಗೆ ಕೊಳ್ಳಬೇಕು. ಗುಜರಿಗೆ ಹಾಕಿದ್ದರೆ ಆ ಯಂತ್ರ ಕಬ್ಬಿಣ ಆಗಿ ಕರಗುತ್ತಿತ್ತು.

ಹಳೇ ಫೋನ್ ಬಗ್ಗೆ ಚಿಕ್ಕದಾಗಿ: ಗೂಗಲ್ ಖಾತೆ ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ, ಸಿಮ್ಮು, ಮೆಮೊರಿ ಕಾರ್ಡು ಹೊರಗೆ ತೆಗೆದು ಕೊಡಿ. ಬಿಲ್ ಇದ್ದರೆ ಬೆಲೆ ಏರುತ್ತದೆ. ಆಧಾರ್ ಜೆರಾಕ್ಸ್ ಕೇಳಿದರೆ ಕೊಡಬೇಡಿ.

ಹಬ್ಬದ ಎಕ್ಸ್‌ಚೇಂಜ್ ಆಫರ್ ಬಂದಾಗ ಅಂಗಡಿಯವರನ್ನು ಎರಡು ಬೆಲೆ ಕೇಳಿ. ಹಳೇ ಫ್ರಿಜ್ ಕೊಟ್ಟರೆ ಎಷ್ಟು, ಕೊಡದಿದ್ದರೆ ಎಷ್ಟು. ಎಷ್ಟೋ ಸಲ ಹಳೆಯದು ಕೊಡದಿದ್ದರೂ ಹೆಚ್ಚೂಕಮ್ಮಿ ಅದೇ ರಿಯಾಯಿತಿ ಸಿಗುತ್ತದೆ. ಆಗ ಫ್ರಿಜ್ ಅವರಿಗೆ ಯಾಕೆ ಸುಮ್ನೆ ಕೊಡಬೇಕು?

"ಮನೆಯಲ್ಲೇ ಕೂತು ಹಳೇ ಸಾಮಾನು ಮಾರಿ ತಿಂಗಳಿಗೆ 30 ಸಾವಿರ" ಅನ್ನೋ ರೀಲ್ಸ್ ಮಾತ್ರ ನಂಬಬೇಡಿ. ನಮ್ಮ ಮನೆಯಲ್ಲಿ ಬೇಡದ ಸಾಮಾನು ಎಷ್ಟಿರುತ್ತದೆ? ಒಂದು ವರ್ಷದಲ್ಲಿ ಅಟ್ಟ ಖಾಲಿ. ಆಮೇಲೂ ಮಾರಬೇಕು ಅಂದರೆ ವರ್ಗಾವಣೆ ಆದವರ ಮನೆಯಿಂದ ಕೊಂಡು, ರಿಪೇರಿ ಮಾಡಿಸಿ ಮಾರಬೇಕು. ಅದು ವ್ಯಾಪಾರ. ಅದಕ್ಕೆ ಜಾಗ ಬೇಕು, ಗಾಡಿ ಬೇಕು, ರಿಪೇರಿ ಕೆಲಸ ಗೊತ್ತಿರಬೇಕು. ಮಾಡುವವರು ಮಾಡಲಿ, ಒಳ್ಳೆಯದೇ. ನಮ್ಮಂಥವರಿಗೆ ಬರೋದು ಬಿಡಿಬಿಡಿಯಾದ ದುಡ್ಡು. ಒಮ್ಮೆ ಶಾಲೆಯ ಬ್ಯಾಗು-ಬೂಟಿಗೆ ಆಗುತ್ತದೆ, ಒಮ್ಮೆ ಗ್ಯಾಸಿಗೆ ಆಗುತ್ತದೆ.

ಆ ದುಡ್ಡು ಯಾರದು ಅನ್ನೋ ಪ್ರಶ್ನೆಗೆ ನಮ್ಮ ಮನೆಯಲ್ಲಿ ಸಣ್ಣ ಜಗಳವೇ ಆಯಿತು. "ಕೂಲರ್ ನಾನು ತಂದದ್ದು" ಅಂದರು ಯಜಮಾನರು. ತಂದದ್ದು ನೀವು, ಸರಿ. ಉಪ್ಪು ಉಜ್ಜಿದ್ದು ಯಾರು? "ಲಾಸ್ಟ್ ಎಷ್ಟ್ರಿ" ಅಂದವರಿಗೆಲ್ಲ ಉತ್ತರ ಕೊಟ್ಟಿದ್ದು ಯಾರು? ಬಿಸಿಲಲ್ಲಿ ನಿಂತು ಟಂಟಂಗೆ ಎತ್ತಿಸಿದ್ದು ಯಾರು? ಈಗ ನಮ್ಮಲ್ಲಿ ಒಂದು ನಿಯಮ ಇದೆ. ಯಾರು ತೊಳೆದು, ಫೋಟೊ ತೆಗೆದು, ಮಾತಾಡಿ ಮಾರುತ್ತಾರೋ ದುಡ್ಡು ಅವರ ಖಾತೆಗೆ. ಯಜಮಾನರು ಈ ವಾರ ತಮ್ಮ ಹಳೇ ಸ್ಪೀಕರ್ ಒರೆಸುತ್ತ ಕೂತಿದ್ದಾರೆ.