ಮೂರು ಕಿಲೋ ಮಗುವಿಗೆ ಹತ್ತು ಕಿಲೋ ಗಾಡಿ

ಹುಟ್ಟಿದ ಮಗು ಸುಮಾರು 3 ಕಿಲೋ ತೂಗುತ್ತದೆ. ಅದನ್ನು ಮಲಗಿಸಿ ತಳ್ಳುವ ದೊಡ್ಡ ಸ್ಟ್ರೋಲರ್ 10 ಕಿಲೋಗೂ ಜಾಸ್ತಿ. ನಮ್ಮ ಮಗು ಇನ್ನೂ ಹೊಟ್ಟೆಯಲ್ಲೇ ಇದೆ. ಗಾಡಿಯ ವಿಷಯಕ್ಕೆ ಜಗಳ ಮಾತ್ರ ಆಗಲೇ ಹುಟ್ಟಿ, ಚೆನ್ನಾಗಿ ಬೆಳೆಯುತ್ತಿದೆ.

ನಾವಿಬ್ಬರೂ ಸಾಮಾನು ಕಂಡರೆ ದೂರ ಓಡುವವರು. ಮನೆಯಲ್ಲಿ ಸೋಫಾ ಇಲ್ಲ, ಟೀವಿ ಇಲ್ಲ. ಇರುವುದು ನಾಲ್ಕೇ ತಟ್ಟೆ. ಮೂವರು ನೆಂಟರು ಒಟ್ಟಿಗೆ ಬಂದರೆ ಗಂಡ ಪಾತ್ರೆಯ ಮುಚ್ಚಳದಲ್ಲಿ ಊಟ ಮಾಡುತ್ತಾನೆ, ಅದನ್ನೂ ಹೆಮ್ಮೆಯಿಂದ. ಹಾಗಾಗಿ ಮಗುವಿನ ಸಾಮಾನಿನ ಪಟ್ಟಿ ಒಂದೇ ಪುಟದಲ್ಲಿ ಮುಗಿಯಬೇಕು ಎಂದು ಅವನು ಘೋಷಿಸಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ಮಾತು ಉಳಿಸಿಕೊಂಡಿದ್ದಾನೆ, ಪಾಪ. ಪಟ್ಟಿ ಇವತ್ತಿಗೂ ಒಂದೇ ಪುಟ. ಅಕ್ಷರ ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಗಿ, ಈಗ ಇರುವೆ ಸಾಲಿನ ಹಾಗೆ ಪುಟದ ಅಂಚು ಹತ್ತುತ್ತಿದೆ.

ಕೆಲವನ್ನು ಹೊಡೆದುಹಾಕಲು ಕಷ್ಟವಾಗಲಿಲ್ಲ. ಮಗುವಿನ ಕುಂಡೆ ಒರೆಸುವ ವೈಪ್ಸ್ ಬೆಚ್ಚಗಿಡಲು ಕರೆಂಟಿನ ಪೆಟ್ಟಿಗೆ ಸಿಗುತ್ತದೆ, ಗೊತ್ತಾ? ನಮಗೆ ಯಾರೂ ಆ ಉಪಚಾರ ಮಾಡಿರಲಿಲ್ಲ, ಆದರೂ ಬೆಳೆದಿದ್ದೇವೆ. ಊಟದ ಕುರ್ಚಿಯೂ ಹೋಯಿತು, ಯಾಕಂದ್ರೆ ಮೊದಲ ಆರು ತಿಂಗಳು ಹಾಲು ಬಿಟ್ಟರೆ ಬೇರೆ ಊಟವೇ ಇಲ್ಲ. ತೊಟ್ಟಿಲ ಮೇಲೆ ಗಿರಗಿರ ತಿರುಗುವ ಆಟಿಕೆಯೂ ಬೇಡ. ಹುಟ್ಟಿದ ಮಗುವಿಗೆ ಸರಿಯಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಅಷ್ಟೇ. ಎತ್ತಿಕೊಂಡವರ ಮುಖ ಇರುವ ದೂರ ಅದು. ಅಂದರೆ ನಮ್ಮ ಮಗುವಿನ ಮೊದಲ ಆಟಿಕೆ ನನ್ನ ಗಂಡನ ಮೂಗು. ಬ್ಯಾಟರಿ ಬೇಡ, ರಾತ್ರಿ ಹೊತ್ತು ತಾನಾಗೇ ಸದ್ದು ಮಾಡುತ್ತದೆ.

ಸ್ನಾನದ ನೀರಿಗೆ ಹಾಕುವ ಥರ್ಮಾಮೀಟರ್ ಹತ್ತಿರ ಬಂದಾಗ ಸ್ವಲ್ಪ ಎಡವಟ್ಟಾಯಿತು. ನೀರು 37 ಡಿಗ್ರಿ ಆಸುಪಾಸು ಇದ್ದರೆ ಸಾಕು, ಮೊಣಕೈ ಇಳಿಸಿದರೆ ಬಿಸಿ ತಿಳಿಯುತ್ತದೆ, ದೇವರು ಎರಡು ಮೊಣಕೈ ಕೊಟ್ಟಿದ್ದಾನಲ್ಲ ಎಂದು ಗಂಡ ವಾದಿಸಿದ. ತಾಲೀಮು ನಡೆಸಲು ಬಕೆಟ್ ಮೇಲೆ ಬಗ್ಗಿದ. ಅಂಗಿ ಜೇಬಿನಲ್ಲಿದ್ದ ಫೋನ್ ಅವನ ಮೊಣಕೈಗಿಂತ ಮೊದಲು ನೀರಿನ ಬಿಸಿ ನೋಡಿತು. ರಿಪೇರಿಗೆ ಕೊಟ್ಟ ದುಡ್ಡಲ್ಲಿ ಒಂದು ಡಜನ್ ಥರ್ಮಾಮೀಟರ್ ಬರುತ್ತಿತ್ತು ಅಂದೆ. "ಡಜನ್ ಇಡೋಕೆ ಜಾಗ ಎಲ್ಲಿದೆ?" ಅಂದ.

ಹಾಸಿಗೆಯ ವಿಷಯದಲ್ಲಿ ಮಾತ್ರ ವೈದ್ಯರೆಲ್ಲ ಅವನ ಕಡೆಗೇ ಇದ್ದಾರೆ. ಗಟ್ಟಿಯಾದ ಸಪಾಟು ಹಾಸಿಗೆ, ಬಿಗಿಯಾಗಿ ಕೂರುವ ಒಂದು ಬೆಡ್‌ಶೀಟ್, ಅಂಗಾತ ಮಲಗಿದ ಮಗು. ಅಷ್ಟೇ. ದಿಂಬು, ದುಪ್ಪಟಿ, ಬೊಂಬೆ, ಸುತ್ತ ಕಟ್ಟುವ ಮೆತ್ತೆ ಏನೂ ಇರಬಾರದು. ಮೂಗಿಗೆ ಅಡ್ಡ ಬಂದರೆ ಉಸಿರು ಕಟ್ಟುವ ಭಯ. ಆದರೆ ಅಂಗಡಿಯಲ್ಲಿ ತೊಟ್ಟಿಲನ್ನು ಸಿಂಗರಿಸಿ ಇಟ್ಟಿರುವುದು ಸರಿಯಾಗಿ ಇದೇ ನಾಲ್ಕರಿಂದ! ಅದನ್ನು ಸೆಟ್ ಎಂದು ಬೇರೆ ಕರೆಯುತ್ತಾರೆ. ಖಾಲಿ ತೊಟ್ಟಿಲೇ ಒಳ್ಳೆಯ ತೊಟ್ಟಿಲು ಎಂದು ತಿಳಿದ ಮೇಲೆ ಗಂಡ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದಾನೆ. ಲಿಫ್ಟಿನಲ್ಲಿ ಜೊತೆಗೆ ನಿಂತ ಅಪರಿಚಿತರನ್ನೂ ಬಿಟ್ಟಿಲ್ಲ.

ಕಾರ್ ಸೀಟ್ ಬಂದಾಗ ಇಬ್ಬರೂ ತೆಪ್ಪಗಾದೆವು. ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ. ಹಸುಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಎಳಸು. ಅದಕ್ಕೇ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಎದುರಿನಿಂದ ಗುದ್ದಿದರೆ ಪೆಟ್ಟಿನ ಬಲ ತಲೆ, ಕತ್ತು, ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಹಳೆಯದನ್ನು ಸುಮ್ನೆ ತರುವ ಹಾಗೂ ಇಲ್ಲ. ಒಮ್ಮೆ ಅಪಘಾತ ಕಂಡಿದ್ದರೆ ಒಳಗೆ ಬಿರುಕು ಬಿಟ್ಟಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಹೊಸದನ್ನೇ ತಂದೆವು. ಅದು ಕೂರಬೇಕಾದರೆ ಮುಂದಿನ ಸೀಟನ್ನು ಮುಂದಕ್ಕೆ ಎಳೆಯಬೇಕು. ಮುಂದಿನ ಸೀಟಿನಲ್ಲಿ ಕೂರುವವಳು ನಾನು. ನನ್ನ ಮುಂದೆ ಈ ಹೊಟ್ಟೆ. ಇನ್ನೂ ಹುಟ್ಟದ ಒಬ್ಬರೇ ಕಾರಿನಲ್ಲಿ ಎರಡು ಕಡೆ ಜಾಗ ಹಿಡಿದಿದ್ದಾರೆ. ಸದ್ಯಕ್ಕೆ ನಾನು ಹಿಂದೆ, ಖಾಲಿ ಸೀಟಿನ ಪಕ್ಕ ಕೂರುತ್ತಿದ್ದೇನೆ. ಗಂಡ ಡ್ರೈವರ್ ಥರ ಕಾಣುತ್ತಾನೆ, ನನಗೇನೂ ಬೇಜಾರಿಲ್ಲ.

ಇನ್ನು ಆ ಸ್ಟ್ರೋಲರ್. ಅಂಗಡಿಯ ಹುಡುಗ ಒಂದೇ ಕೈಯಲ್ಲಿ ಟಪ್ಪನೆ ಮಡಚಿ ತೋರಿಸಿದ. ಗಂಡನೂ ಒಂದೇ ಕೈಯಲ್ಲಿ ಶುರು ಮಾಡಿದ. ಆಮೇಲೆ ಎರಡನೇ ಕೈ ಬಂತು. ಆಮೇಲೆ ಮೊಣಕಾಲು. ಕೊನೆಗೆ ನೋಡಿದರೆ ಗಾಡಿ ನೆಟ್ಟಗೆ ನಿಂತಿದೆ, ಮಡಚಿಕೊಂಡಿರುವುದು ಗಂಡ. ಬಟ್ಟೆಯ ಕ್ಯಾರಿಯರ್ ಸಾಕು, ಎದೆಗೆ ಕಟ್ಟಿಕೊಂಡು ಓಡಾಡೋಣ ಎಂದು ಅಲ್ಲೇ ತೀರ್ಮಾನವಾಯಿತು. ಮನೆಗೆ ಬಂದು ದಿಂಬು ಕಟ್ಟಿಕೊಂಡು ಅಭ್ಯಾಸ ಮಾಡಿದ. ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಬಾರದು ಎಂದು ನಾನು ಓದಿ ಹೇಳುತ್ತಿದ್ದರೆ, "ದಿಂಬಿಗೆ ಗಲ್ಲ ಎಲ್ಲಿದೆ ಹೇಳು" ಎಂದು ಜಗಳಕ್ಕೆ ಬಂದ.

ಡೈಪರ್ ಲೆಕ್ಕ ಹಾಕುವ ಧೈರ್ಯ ಮಾಡಬೇಡಿ. ದಿನಕ್ಕೆ 10 ಎಂದರೂ ತಿಂಗಳಿಗೆ 300. ಬಟ್ಟೆಯದಾದರೆ ಅಷ್ಟು ಸಾರಿ ಒಗೆತ. ಕಡಿಮೆ ಸಾಮಾನು ಅನ್ನುವ ತತ್ವ ಈ ಮೂಲೆಗೆ ಇಣುಕಿಯೂ ನೋಡುವುದಿಲ್ಲ.

ಇಷ್ಟೆಲ್ಲ ಅಳೆದು ತೂಗಿ ಪಟ್ಟಿ ಮುಗಿಸಿದ ಮೇಲೆ ಗಂಡ ಬಂಧುಬಳಗಕ್ಕೆ ಒಂದು ಮೆಸೇಜ್ ಕಳಿಸಿದ. "ದಯವಿಟ್ಟು ಹೊಸದು ಏನೂ ಕೊಳ್ಳಬೇಡಿ. ನಮಗೆ ಬಳಸಿದ ಸಾಮಾನೇ ಇಷ್ಟ." ಉದ್ದೇಶ ಒಳ್ಳೆಯದೇ. ಆದರೆ ಓದಿದವರಿಗೆ ಕಂಡಿದ್ದು ಬರೀ ಎರಡನೇ ವಾಕ್ಯ. ವರ್ಷಗಟ್ಟಲೆ ಅಟ್ಟದ ಮೇಲೆ ಧೂಳು ಹಿಡಿದಿದ್ದಕ್ಕೆಲ್ಲ ಕೊನೆಗೂ ಒಂದು ದಾರಿ ಸಿಕ್ಕಿತಲ್ಲ! ಸ್ನಾನದ ತೊಟ್ಟಿ ಮೂರು ಬಂದವು. ಸ್ಟ್ರೋಲರ್ ಎರಡು ಬಂದವು, ಒಂದಕ್ಕೆ ಚಕ್ರ ಮೂರೇ. ಅದು ಮೂರು ಚಕ್ರದ ಮಾಡೆಲ್ಲಾ, ನಾಲ್ಕನೆಯದು ಬಿದ್ದುಹೋಗಿದೆಯಾ, ಕೊಟ್ಟವರಿಗೂ ನೆನಪಿಲ್ಲ. ಚಿಕ್ಕಮ್ಮ ಚಕ್ರದ ವಾಕರ್ ಕಳಿಸಿದರು. ಮಕ್ಕಳು ಅದರಲ್ಲಿ ಮೆಟ್ಟಿಲಿಂದ ಉರುಳುತ್ತಾರೆಂದು ಕೆನಡಾದಲ್ಲಿ 2004ರಲ್ಲೇ ಅದನ್ನು ನಿಷೇಧಿಸಿದ್ದಾರೆ ಎಂದು ಗಂಡ ಗೌರವದಿಂದಲೇ ತಿಳಿಸಿದ. "ನೀನೂ ಅದರಲ್ಲೇ ಬೆಳೆದಿದ್ದು" ಎಂದರು. "ಉರುಳಿದ್ದೆನಾ?" ಎಂದ. ಅವರು ಅವನನ್ನು ತುಸು ಹೊತ್ತು ನೋಡಿದರು, ಉತ್ತರ ಮಾತ್ರ ಕೊಡಲಿಲ್ಲ.

ಈಗ ಎಲ್ಲವನ್ನೂ ತುಂಬಲು ಒಂದು ದೊಡ್ಡ ಬೀರು ನೋಡುತ್ತಿದ್ದೇವೆ. ಬಾಗಿಲು ಹಾಕಿದ ಮೇಲೆ ಒಳಗೆ ಏನಿದ್ದರೂ ಲೆಕ್ಕಕ್ಕಿಲ್ಲ ಅನ್ನುವುದು ಗಂಡನ ಹೊಸ ನಿಯಮ. ಬೀರುವಿನ ಹೆಸರನ್ನು ಪುಟದ ಹಿಂಬದಿಯಲ್ಲಿ ಬರೆದಿದ್ದಾನೆ. ಹಿಂಬದಿ ಅಂದರೂ ಅದೇ ಪುಟ, ಅಲ್ವಾ?