ಚಿಲ್ಲರೆ ವಿಷಯ

ಭಿಕ್ಷೆ ಹಾಕುವುದರಲ್ಲಿ ನನ್ನಷ್ಟು ಕೈಗುಣ ಕೆಟ್ಟವರು ಬೆಂಗಳೂರಿನಲ್ಲಿ ಇನ್ನೊಬ್ಬರು ಇರಲಾರರು. ಕೊಡಬಾರದು ಅಂತಲ್ಲ. ಕೊಡಲು ಹೋದಾಗಲೆಲ್ಲ ಏನಾದರೊಂದು ಎಡವಟ್ಟು. ಸಿಗ್ನಲ್‌ನಲ್ಲಿ ಜೇಬು ತಡಕಾಡುವಷ್ಟರಲ್ಲಿ ಹಸಿರು ದೀಪ ಬರುತ್ತದೆ. ನಾಣ್ಯ ಬೆರಳಿಗೆ ಸಿಕ್ಕುವ ಹೊತ್ತಿಗೆ ನಾನು ಮುಂದಿನ ಸಿಗ್ನಲ್‌ನಲ್ಲಿರುತ್ತೇನೆ. ಅಲ್ಲಿ ಕೇಳುವವರು ಯಾರೂ ಇರುವುದಿಲ್ಲ.

ಒಮ್ಮೆ ಮೆಜೆಸ್ಟಿಕ್ಕಿನಲ್ಲಿ ಒಬ್ಬ ತಾತನಿಗೆ ಎಂಟಾಣೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಇದನ್ನ ಇಷ್ಟ್ ದಿನ ಎಲ್ಲಿ ಇಟ್ಕೊಂಡಿದ್ರಿ ಸ್ವಾಮಿ?" ಅಂತ ಕೇಳಿ ವಾಪಸ್ ನನ್ನ ಅಂಗೈಲೇ ಇಟ್ಟ. ಸರ್ಕಾರ 2011ರ ಜೂನ್‌ನಲ್ಲಿ ನಿಲ್ಲಿಸಿದ್ದು ನಾಲ್ಕಾಣೆಯನ್ನು. ಎಂಟಾಣೆ ಈಗಲೂ ಕಾನೂನುಬದ್ಧವಾಗಿ ಚಲಾವಣೆಯಲ್ಲಿದೆ. ಅದನ್ನು ಆ ತಾತನಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ತಿಪಟೂರಿನ ನಮ್ಮ ಅಜ್ಜಿಗೆ ಈ ಪೇಚಾಟವೇ ಇರಲಿಲ್ಲ. ಶಂಖ ಜಾಗಟೆಯ ದಾಸಯ್ಯ ಬರಲಿ, ಕೋಲೆ ಬಸವ ಬರಲಿ, ಬುಡುಬುಡಿಕೆಯವನು ಬರಲಿ, ಜೋಳಿಗೆಗೆ ಒಂದು ಪಾವು ಅಕ್ಕಿ. ಏಕತಾರಿ ಹಿಡಿದು ತತ್ವಪದ ಹೇಳುವವನು ಬಂದರೆ ಮಾತ್ರ ಎರಡು ಪದ ಹಾಡಿಸಿಕೊಂಡೇ ಅಕ್ಕಿ ಹಾಕುತ್ತಿದ್ದಳು. ಶ್ರುತಿ ತಪ್ಪಿದರೆ, "ಮುಂದೆ ಹೋಗಪ್ಪ". ಟಿಕೆಟ್ ಇಲ್ಲದ ಕಛೇರಿಗೆ ಇಷ್ಟು ಕಟ್ಟುನಿಟ್ಟಿನ ವಿಮರ್ಶಕಿಯನ್ನು ನಾನು ಆಮೇಲೆ ನೋಡಿಲ್ಲ.

ನಗರದಲ್ಲಿ ಕೊಡದೇ ಇರುವವರ ಹತ್ತಿರ ನನಗಿಂತ ಒಳ್ಳೆ ಕಾರಣಗಳಿವೆ. ನಮ್ಮ ಎದುರು ಮನೆಯ ನಿವೃತ್ತ ಯಜಮಾನರು ಒಂದು ಪೈಸೆ ಬಿಚ್ಚುವುದಿಲ್ಲ. ಕೇಳಿದರೆ ಮನೆ ಕಂದಾಯದ ರಸೀದಿ ತೋರಿಸುತ್ತಾರೆ. ಕರ್ನಾಟಕದಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ಬಂದಿದ್ದು 1975ರಲ್ಲಿ. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಸೆಸ್ ಇದೆ. ಆ ದುಡ್ಡು ಮಾಗಡಿ ರಸ್ತೆಯಲ್ಲಿ ಇರುವಂಥ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗಬೇಕು. "5,000 ರೂಪಾಯಿ ಕಂದಾಯಕ್ಕೆ 150 ರೂಪಾಯಿ ಆಯ್ತಲ್ರೀ, ವರ್ಷದ ಭಿಕ್ಷೆ ಒಂದೇ ಕಂತಿನಲ್ಲಿ ಹಾಕಿಬಿಟ್ಟಿದ್ದೀನಿ" ಅನ್ನುತ್ತಾರೆ. ನಾನು ಬಾಡಿಗೆ ಮನೆಯವನು. ನನಗೆ ಆ ನೆಪವೂ ಇಲ್ಲ.

ಈಗ ರಾಕ್ ಬ್ಯಾಂಡಿನ ವಿಷಯಕ್ಕೆ ಬರುತ್ತೇನೆ. ನಮ್ಮಕ್ಕನ ಮಗ ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾನೆ, ರಾತ್ರಿ ಬೇಸ್ ಗಿಟಾರ್ ನುಡಿಸುತ್ತಾನೆ. ಅಕ್ಕನಿಗೆ ಅದೊಂದು ಕೊರಗು. "ಎಲ್ಲರ ಗಿಟಾರಿಗೂ ಆರು ತಂತಿ ಇರತ್ತೆ ಕಣೋ, ಇವನದಕ್ಕೆ ನಾಲ್ಕೇ. ದುಡ್ಡು ಮಾತ್ರ ಜಾಸ್ತಿ ತಗೊಂಡಿದ್ದಾರೆ" ಅಂತ ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಅಂಗಡಿಯವನು ಮೋಸ ಮಾಡಿದ್ದಾನೆ ಅಂತ ಅವಳಿಗೆ ಈಗಲೂ ಅನುಮಾನ.

ಹೋದ ತಿಂಗಳು ಇಂದಿರಾನಗರದ ಒಂದು ಪಬ್ಬಿನಲ್ಲಿ ಅವರ ಕಾರ್ಯಕ್ರಮ ಇತ್ತು. ಅಕ್ಕ ಫೋನ್ ಮಾಡಿದಳು. "ನನಗೆ ಮಂಡಿ ನೋವು, ಬರಕ್ಕಾಗಲ್ಲ. ನೀನು ಹೋಗಿ ಬಾ. ಹಾಡು ಹೆಂಗಿದೆ ಅನ್ನೋದು ಬೇಡ. ಅವನು ಕುಡೀತಾನಾ ಅಂತ ನೋಡ್ಕೊಂಡು ಬಾ."

ಹುಡುಗನೂ ಫೋನ್ ಮಾಡಿದ. "ಮಾಮ, ನಿಮ್ಮ ಹೆಸರು ಗೆಸ್ಟ್ ಲಿಸ್ಟಲ್ಲಿ ಹಾಕ್ಸಿದೀನಿ, ಎಂಟ್ರಿ ಫ್ರೀ." ಜೊತೆಗೆ ಹತ್ತು ನಿಮಿಷ ಪಾಠ. ದೇಶದಲ್ಲಿ ರಾಕ್‌ಗೆ ಬೆಂಗಳೂರಿನಂಥ ಊರಿಲ್ಲವಂತೆ. ಇಲ್ಲಿನ ಬ್ಯಾಂಡುಗಳ ಪೈಕಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಶುರುವಾಗಿದ್ದು 1996ರಲ್ಲಿ, ಸ್ವರಾತ್ಮ 2002ರಲ್ಲಿ. ರಘು ದೀಕ್ಷಿತ್ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಪರದೇಶದ ವೇದಿಕೆಗಳನ್ನೆಲ್ಲ ಕುಣಿಸಿ ಬಂದಿದ್ದಾರೆ. ಈ ಕೊನೆಯ ವಿಷಯವನ್ನು ನಾನು ಅಕ್ಕನಿಗೆ ದಾಟಿಸಿದೆ. "ಲುಂಗಿ ಉಟ್ಟು ಹಾಡಬಹುದು ಅಂದ್ರೆ ಪರವಾಗಿಲ್ಲ ಬಿಡು" ಅಂದಳು.

ನನಗೂ ರಾಕ್ ಸಂಗೀತದ ಅನುಭವ ಇಲ್ಲವೇ ಇಲ್ಲ ಅಂತ ತಿಳಿಯಬೇಡಿ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಅನ್ನುವ ರಾಕ್ ಬ್ಯಾಂಡು ಬಂದಾಗ ನಾನು ಮೇಖ್ರಿ ಸರ್ಕಲ್ಲಿನಲ್ಲೇ ಇದ್ದೆ. ಬಸ್ಸಿನಲ್ಲಿ. ನನಗೆ ಕೇಳಿಸಿದ್ದು ಬರೀ ಹಾರನ್.

ಮನೆಯವಳು "ಆ ಗಲಾಟೆ ನಂಗ್ಬೇಡ" ಅಂದಿದ್ದರಿಂದ ಒಬ್ಬನೇ ಹೊರಟೆ. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಇಂದಿರಾನಗರದಲ್ಲಿ ಇಳಿದೆ. ಮೆಟ್ಟಿಲ ಕೆಳಗೆ ಒಬ್ಬ ಅಜ್ಜಿ ಕೂತಿತ್ತು. ಪಕ್ಕದಲ್ಲಿ ಹೂ ಮಾರುವವಳ ತಳ್ಳುಗಾಡಿ. ಅಜ್ಜಿ ಕೈ ಚಾಚಿ, "ಏನಾರಾ ಕೊಡಪ್ಪ" ಅಂತು.

ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಫೋನಿನಲ್ಲಿ ದುಡ್ಡು ಕೊಡುವುದು ಬಂದಮೇಲೆ ನನ್ನ ಪರ್ಸಿನಲ್ಲಿ ಉಳಿದಿರುವುದು ರಾಘವೇಂದ್ರ ಸ್ವಾಮಿಗಳ ಫೋಟೋ ಮತ್ತು ಬಣ್ಣ ಹೋದ ಒಂದು ಪೆಟ್ರೋಲ್ ಬಿಲ್ ಮಾತ್ರ. ಜಂಟಿ ಖಾತೆ ಬೇರೆ. ನಾನು ಎಲ್ಲಿ ಎಷ್ಟು ಕೊಟ್ಟೆ ಅನ್ನುವ ಮೆಸೇಜ್ ನೇರ ಮನೆಯವಳ ಫೋನಿಗೆ ಹೋಗುತ್ತದೆ. ಇರಲಿ.

"ಚಿಲ್ಲರೆ ಇಲ್ಲಮ್ಮ, ಬರೀ ಫೋನು" ಅಂದೆ. ಇಷ್ಟು ಹೇಳಿದರೆ ಬಿಡುಗಡೆ ಸಿಗುತ್ತದೆ ಅಂತ ಲೆಕ್ಕ. ಅಜ್ಜಿ ಗದ್ದ ಎತ್ತಿ ಹೂವಿನ ಗಾಡಿ ತೋರಿಸಿತು. "ಅವಳಿಗಾಕು. ಅವಳು ನಂಗ್ ಕೊಡ್ತಾಳೆ."

ಹೂವಿನವಳು ಆಗಲೇ ಮಲ್ಲಿಗೆ ಬುಟ್ಟಿಯನ್ನು ಆಚೆ ಸರಿಸಿ ಸ್ಕ್ಯಾನ್ ಮಾಡುವ ಬೋರ್ಡು ನನ್ನ ಕಡೆ ತಿರುಗಿಸಿದ್ದಳು. ಅವರಿಬ್ಬರಿಗೂ ಇದು ದಿನದ ವ್ಯವಹಾರ ಅಂತ ಕಾಣುತ್ತದೆ. ಚಾಳೀಸು ಮನೆಯಲ್ಲೇ ಮರೆತಿದ್ದೆ. ಕಣ್ಣು ಕಿರಿದು ಮಾಡಿಕೊಂಡು 10 ಒತ್ತಿದೆ, ಗುಟ್ಟಿನ ನಂಬರು ಒತ್ತಿದೆ. ಬುಟ್ಟಿಯ ಹಿಂದಿನಿಂದ ಆ ಪುಟ್ಟ ಡಬ್ಬಿ ಇಡೀ ಸಿಎಂಎಚ್ ರಸ್ತೆಗೆ ಕೇಳುವ ಹಾಗೆ ಕೂಗಿತು: "ನೂರು ರೂಪಾಯಿ ಸ್ವೀಕರಿಸಲಾಗಿದೆ!"

ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ. ನನ್ನ ದಾನ ಎದುರಿನ ಬಸ್ ಸ್ಟಾಪಿನವರಿಗೂ ಗೊತ್ತಾಯಿತು.

ಹೋಗಲಿ, ನೂರೇ ಇಟ್ಕೋ ಅಜ್ಜಿ ಅಂತ ಬಂದುಬಿಡಬಹುದಿತ್ತು. ನನ್ನ ಬಾಯಿಂದ ಬಂದಿದ್ದೇ ಬೇರೆ. "ಅಯ್ಯೋ, ಹತ್ತು ಹಾಕಕ್ ಹೋಗಿ ನೂರಾಗೋಯ್ತು!"

"ಅದಕ್ಕೇನ್ ಸಾರ್, ವಾಪಸ್ ತಗೊಳಿ" ಅಂದಳು ಹೂವಿನವಳು. "ನನ್ ಹತ್ರ ನೂರರ ನೋಟೇ ಇರೋದು. ಚಿಲ್ರೆ ಅಜ್ಜಿ ಹತ್ರ ಇರ್ತದೆ." ಅಂದವಳೇ ನೋಟನ್ನು ಅಜ್ಜಿಗೆ ದಾಟಿಸಿದಳು. ಅಜ್ಜಿ ಸೊಂಟದಿಂದ ಎಲೆಯಡಿಕೆ ಚೀಲ ತೆಗೆಯಿತು. ನೋಟನ್ನು ನಾಲ್ಕು ಮಡಿಕೆ ಮಾಡಿ ಒಂದು ಅರೆಗೆ ಸೇರಿಸಿತು. ಇನ್ನೊಂದು ಅರೆಯಿಂದ ಒಂದು, ಎರಡು, ಐದರ ನಾಣ್ಯಗಳನ್ನು ತೆಗೆದು ಎಣಿಸಲು ಕೂತಿತು. ಸುಣ್ಣ ಮೆತ್ತಿದ ಒಂದು ನಾಣ್ಯವನ್ನು ಸೆರಗಿನಲ್ಲಿ ಒರೆಸಿ ಕೊಟ್ಟಿತು. ನಡುವೆ ಒಂದು ರೈಲು ಬಂತು, ಜನ ಇಳಿದರು, ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ.

ಅಷ್ಟು ಹೊತ್ತೂ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅಜ್ಜಿಯ ಮುಂದೆ ಬಗ್ಗಿ ಕೈ ಚಾಚಿ ನಿಂತಿದ್ದೆ. ಮೆಟ್ಟಿಲಿಳಿದು ಬಂದ ಒಬ್ಬ ಹೆಂಗಸು ತನ್ನ ಮಗುವನ್ನು ಆಚೆ ಬದಿಗೆ ಎಳೆದುಕೊಂಡರು. "ಥೂ, ಅವರ ಹತ್ರಾನೂ ಇಸ್ಕೊಳ್ತಾರಲ್ಲ" ಅಂದಿದ್ದು ಕೇಳಿಸಿತು. ತಿರುಗಿ ಎಲ್ಲ ವಿವರಿಸೋಣ ಅಂದರೆ ಅಜ್ಜಿ ಅರವತ್ತೆರಡರಲ್ಲಿತ್ತು.

ತೊಂಬತ್ತು ರೂಪಾಯಿ ನಾಣ್ಯ ಎಷ್ಟು ಭಾರ ಇರುತ್ತೆ ಅಂತ ನಿಮಗೆ ಗೊತ್ತಿರಲಾರದು. ಪ್ಯಾಂಟು ಒಂದು ಕಡೆ ಜಗ್ಗುತ್ತಿತ್ತು. ಪಬ್ಬಿನ ಬಾಗಿಲಲ್ಲಿ ಸೆಕ್ಯೂರಿಟಿಯವನು ತನ್ನ ಕೋಲು ನನ್ನ ಬಲಗಾಲಿನ ಹತ್ತಿರ ತಂದ ಕೂಡಲೇ ಅದು ಕುಂಯ್ಯೋ ಅಂತ ಶುರು ಮಾಡಿತು. ಜೇಬು ಖಾಲಿ ಮಾಡಿ ಮೇಜಿನ ಮೇಲೆ ರಾಶಿ ಹಾಕಿದೆ. ಮಂಡ್ಯದ ಕಡೆಯವನಿರಬೇಕು, ರಾಶಿಯನ್ನೇ ನೋಡಿ, "ಯಾವ್ ದೇವಸ್ಥಾನದ ಹುಂಡಿ ಸಾರ್?" ಅಂದ.

ಒಳಗೆ ಕತ್ತಲು. ಒಂದು ಲೈಮ್ ಸೋಡಾ ಹೇಳಿದೆ. 260 ರೂಪಾಯಿ ಆಯಿತು. ಫೋನಿನಲ್ಲಿ ತೆಪ್ಪಗೆ ಕೊಟ್ಟೆ, ಚಿಲ್ಲರೆ ಕೇಳಲಿಲ್ಲ.

ಬ್ಯಾಂಡಿನ ಹುಡುಗರು ನಾಲ್ಕು ಜನ. ಮೊದಲ ಮೂರು ಹಾಡು ಇಂಗ್ಲಿಷ್ ಇರಬೇಕು. ಶಬ್ದ ಎದೆಗೆ ಬಡಿಯುತ್ತಿತ್ತು, ಕಿವಿಗೆ ಏನೂ ಹತ್ತಲಿಲ್ಲ. ನಮ್ಮ ಹುಡುಗನ ನಾಲ್ಕು ತಂತಿ ಎಲ್ಲಿ ಕೇಳಿಸುತ್ತದೆ ಅಂತ ಹುಡುಕಿದೆ. ಆಮೇಲೆ ಗೊತ್ತಾಯಿತು, ನನ್ನ ಸೋಡಾ ಗ್ಲಾಸು ಮೇಜಿನ ಮೇಲೆ ತಾನಾಗಿ ಸರಿಯುತ್ತಿದ್ದುದೇ ಅವನ ಕೈಚಳಕ. ಅವನ ಪಕ್ಕದಲ್ಲಿ ಒಂದು ಬಾಟಲಿ ಇತ್ತು. ಅಕ್ಕನ ಆಣತಿಯಂತೆ ಹತ್ತಿರ ಹೋಗಿ ನೋಡಿದೆ. ನೀರು.

ನಾಲ್ಕನೆಯ ಹಾಡಿಗೆ ಹಾಡುಗಾರ, "ಈಗ ಶಿಶುನಾಳ ಶರೀಫಜ್ಜರದು" ಅಂದ. ಡ್ರಮ್ಮು ಶುರುವಾಯಿತು. ಮೊದಲ ಎರಡು ಸಾಲು ಯಾವ ಪದ ಅಂತ ತಿಳಿಯಲಿಲ್ಲ. ಮೂರನೆಯ ಸಾಲಿಗೆ ನನ್ನ ಮೈ ಜುಂ ಅಂದಿತು. ತಿಪಟೂರಿನ ಜಗಲಿ, ಏಕತಾರಿ, ಅಜ್ಜಿಯ ಕೈಯ ಪಾವು. ಅದೇ ಪದ! ಅಲ್ಲಿ ಅರ್ಧ ಪದಕ್ಕೇ ನಾವು ಆಟಕ್ಕೆ ಓಡುತ್ತಿದ್ದೆವು, ಇಲ್ಲಿ ಇಪ್ಪತ್ತರ ಹುಡುಗರು ಹುಡುಗಿಯರು ಕೈ ಮೇಲೆತ್ತಿ ಎಗರುತ್ತಿದ್ದಾರೆ. ನಾನೂ ಎಗರಿದೆ. ಯಾಕೆ ಅಂತ ಕೇಳಬೇಡಿ.

ಆ ಪ್ಯಾಂಟಿನ ಬಲಜೇಬು ತೂತಾಗಿದೆ ಅಂತ ಮನೆಯವಳು ಯುಗಾದಿಯಿಂದ ಹೇಳುತ್ತಲೇ ಇದ್ದಳು.

ಮೂರನೆಯ ಎಗರಿಗೆ ತೊಡೆಯ ಮೇಲೆ ಏನೋ ತಣ್ಣಗೆ ಹರಿದ ಹಾಗಾಯಿತು. ಮಂಡಿ ದಾಟಿತು. ಬೂಟಿನ ಹತ್ತಿರ ಘಲ್ ಅಂತ ಹೊರಬಂದು ನೆಲದ ಮೇಲೆಲ್ಲ ಹರಡಿತು. ಬಗ್ಗಿ ಆಯ್ದುಕೊಂಡು ಎದ್ದೆ. ಯಾರೋ ಮೊಣಕೈ ತಳ್ಳಿದರು. ಕೈಲಿದ್ದ ನಾಣ್ಯವೆಲ್ಲ ನೇರ ವೇದಿಕೆಗೆ ಹೋದವು. ಒಂದು ಡ್ರಮ್ಮಿನ ಕಂಚಿನ ತಟ್ಟೆಗೆ ತಾಗಿ ಠಣ್ ಅಂದಿತು. ತಾಳಕ್ಕೆ ಸರಿಯಾಗಿಯೇ ಬಿತ್ತು ಅಂತ ನನ್ನ ಅಭಿಪ್ರಾಯ.

ಪಕ್ಕದ ಹುಡುಗ ನನ್ನನ್ನು ಬೆರಗಿನಿಂದ ನೋಡಿದ. "ಅಂಕಲ್! ಸೂಪರ್! ನಮ್ಮಪ್ಪ ಹೇಳ್ತಿದ್ರು, ರಾಜ್‌ಕುಮಾರ್ ಎಂಟ್ರಿಗೆ ಥಿಯೇಟರಲ್ಲಿ ಹಿಂಗೇ ಕಾಯಿನ್ಸ್ ಎಸೀತಿದ್ರಂತೆ!" ಅಂದವನೇ ತಾನೂ ಜೇಬಿಗೆ ಕೈ ಹಾಕಿದ. ಜೇಬಲ್ಲಿ ಫೋನು ಬಿಟ್ಟರೆ ಏನಿರಲು ಸಾಧ್ಯ? ಎರಡೂ ಕೈ ನನ್ನ ಮುಂದೆ ಚಾಚಿದ. "ಅಂಕಲ್, ನಂಗೂ ಎರಡು ಕೊಡಿ, ಪ್ಲೀಸ್."

ಕೊಟ್ಟೆ. ಅವನ ಪಕ್ಕದ ಹುಡುಗಿ ಕೈ ಚಾಚಿದಳು. ಅವಳ ಹಿಂದೆ ಇನ್ನಿಬ್ಬರು. ನೋಡನೋಡುತ್ತಿದ್ದಂತೆ ನನ್ನ ಸುತ್ತ ಏಳೆಂಟು ಅಂಗೈ. ಯಾವ ದೇವಸ್ಥಾನದ ಮುಂದೆಯೂ ಅಷ್ಟು ಕೈಗಳು ಒಟ್ಟಿಗೆ ನನ್ನತ್ತ ಬಂದಿರಲಿಲ್ಲ. ಒಬ್ಬೊಬ್ಬರಿಗೆ ಎರಡೆರಡರಂತೆ ಹಂಚಿದೆ. "ನಂಗೆ ಒಂದ್ರೂಪಾಯಿದು ಬಂತು, ಅವನಿಗೆ ಐದು!" ಅಂತ ಒಬ್ಬ ತಕರಾರು ಬೇರೆ ತೆಗೆದ. ಹಾಡು ಮುಗಿಯುವ ಹೊತ್ತಿಗೆ ಹಾಡುಗಾರ ಮೈಕಿನ ಕಂಬದ ಹಿಂದೆ ಮುಖ ಮರೆಸಿಕೊಂಡಿದ್ದ. ದಪ್ಪ ತೋಳಿನ ಇಬ್ಬರು ಬಂದು ನನ್ನ ಭುಜ ಹಿಡಿದು, ಬಹಳ ಗೌರವದಿಂದಲೇ, ಒಂದು ಮೂಲೆಯಲ್ಲಿ ಕೂರಿಸಿದರು.

ಕಾರ್ಯಕ್ರಮ ಮುಗಿದ ಮೇಲೆ ಹುಡುಗರು ವೈರು ಸುತ್ತುತ್ತಾ ನಾಣ್ಯ ಆಯ್ದರು. 62 ರೂಪಾಯಿ ಸಿಕ್ಕಿತು. ಮಿಕ್ಕಿದ್ದು ಸ್ಪೀಕರಿನ ಕೆಳಗೆ ಹೋಗಿರಬೇಕು. "ಮಾಮ, ಬೈಬೇಕು ಅಂತಿದ್ದೆ, ಆದ್ರೆ ಇವತ್ತು ಕೈಗೆ ಸಿಕ್ಕಿರೋ ಕ್ಯಾಶ್ ಇದೇ" ಅಂದ ಅಕ್ಕನ ಮಗ. ಪಬ್ಬಿನವರ ದುಡ್ಡು ಬರುವುದು ಬಿಲ್ಲು ಕಳಿಸಿ 45 ದಿನ ಆದಮೇಲಂತೆ. ಅದರಲ್ಲಿ ಸೌಂಡಿನವನ ಪಾಲು, ಡ್ರಮ್ಮು ಸಾಗಿಸಿದ ಗಾಡಿಯ ಪಾಲು ಕಳೆದರೆ ಉಳಿಯುವುದನ್ನು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮೂಲೆಯ ಅಂಗಡಿಯವನು ಇನ್ನೇನು ಬಾಗಿಲು ಹಾಕುವುದರಲ್ಲಿದ್ದ. ನಾಲ್ಕು ಹುಡುಗರಿಗೆ ನಾಲ್ಕು ಟೀ, ಒಂದಕ್ಕೆ 15ರಂತೆ 60 ರೂಪಾಯಿ. ಅಜ್ಜಿಯ ನಾಣ್ಯಗಳನ್ನು ಅವನ ಗಾಜಿನ ಡಬ್ಬಿಯ ಮೇಲೆ ಸುರಿದರು. ಅವನ ಮುಖ ಅರಳಿತು. "ಬೆಳಿಗ್ಗೆಯಿಂದ ಚಿಲ್ರೆ ಇಲ್ದೆ ಸಾಯ್ತಿದ್ದೆ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಸಾರ್!" ಸುಣ್ಣದ ಕಲೆಯ ಆ ನಾಣ್ಯವೂ ಅದರಲ್ಲಿತ್ತು. ಇಷ್ಟು ವರ್ಷದಲ್ಲಿ ನಾಣ್ಯ ಕೊಟ್ಟು ನಾನು ಪಡೆದ ಮೊದಲ ಆಶೀರ್ವಾದ ಅದು. ಅಕ್ಕನಿಗೆ ಅಲ್ಲಿಂದಲೇ ಮೆಸೇಜ್ ಹಾಕಿದೆ: "ಕುಡಿದ. ಟೀ."

ಮೆಟ್ರೋ ಹತ್ತಲು ಬಂದಾಗ ಅಜ್ಜಿಯೂ ಇರಲಿಲ್ಲ, ಹೂವಿನ ಗಾಡಿಯೂ ಇರಲಿಲ್ಲ.

ಮನೆ ತಲುಪಿದಾಗ ಹನ್ನೊಂದೂವರೆ. ಮನೆಯವಳು ಎದ್ದೇ ಕೂತಿದ್ದಳು. ಎದುರಿಗೆ ಟೀಪಾಯಿ, ಅದರ ಮೇಲೆ ಅವಳ ಫೋನು.

"ಏಳೂ ಹತ್ತಕ್ಕೆ ಹೂವಿನಂಗಡಿ, ನೂರು ರೂಪಾಯಿ. ಏಳೂ ಮುಕ್ಕಾಲಿಗೆ ಪಬ್ಬು, ಇನ್ನೂರ ಅರವತ್ತು" ಅಂತ ಓದಿದಳು. ಆಮೇಲೆ ತಲೆ ಎತ್ತಿ ನನ್ನ ಖಾಲಿ ಕೈ ನೋಡಿದಳು.

"ಸೋಡಾ ವಿಷಯ ಆಮೇಲೆ ಕೇಳ್ತೀನಿ. ಮೊದ್ಲು ಇದನ್ನ ಹೇಳಿ. ನೂರು ರೂಪಾಯಿ ಹೂವು ಯಾರ ತಲೆಗೆ ಹೋಯ್ತು ರೀ?"