ಸೇತುವೆ ಬಂದಾಗ ದಾಟೋಣ

ಮಳೆಗಾಲ ಹತ್ತಿರ ಬಂದರೆ ನಮ್ಮ ಕಡೆ ಮುಂಜಾಗ್ರತಾ ಸಭೆ ಶುರುವಾಗುತ್ತದೆ. ಕಾರವಾರದಲ್ಲಿ ದೊಡ್ಡದು, ತಾಲೂಕುಗಳಲ್ಲಿ ಸಣ್ಣದು. ನೀರಿನ ಬಾಟಲಿ, ಗೋಡಂಬಿ ತಟ್ಟೆ, ಕೈಕೊಡುವ ಮೈಕು, ಎಲ್ಲ ಹಳೆಯದೇ. ಈಚೆಗೆ ಜಾಸ್ತಿಯಾಗಿರುವುದು ಇಂಗ್ಲಿಷ್ ನುಡಿಗಟ್ಟು.

ಶಿರಸಿ ಕಡೆಯ ಹೆಗಡೇರೊಬ್ಬರು ಎದ್ದು ನಿಂತರು ಅಂತಿಟ್ಟುಕೊಳ್ಳಿ. "ಸಾಹೇಬ್ರೇ, ನಮ್ಮ ಹಳ್ಳದ ಕಾಲುಸಂಕ ಹೋದ ಮಳೆಗಾಲದಲ್ಲೇ ತೇಲಿ ಹೋಗಿದೆ. ಶಾಲೆ ಮಕ್ಕಳು ಎರಡು ಅಡಿಕೆ ದಬ್ಬೆ ಮೇಲೆ ದಾಟ್ತಾ ಇದ್ದಾರೆ. ದಬ್ಬೆಗೆ ಪಾಚಿ ಹಿಡಿದಿದೆ." ಸಾಹೇಬರು ನಕ್ಕು ಹೇಳುತ್ತಾರೆ: "ಹೆಗಡೇರೇ, ವಿ ವಿಲ್ ಕ್ರಾಸ್ ದಟ್ ಬ್ರಿಜ್ ವೆನ್ ವಿ ಕಮ್ ಟು ಇಟ್."

ಕಷ್ಟ ಎದುರಿಗೆ ಬಂದಾಗ ನೋಡಿಕೊಂಡರಾಯಿತು, ಈಗಲೇ ತಲೆ ಕೆಡಿಸಿಕೊಳ್ಳಬೇಡಿ ಎಂದು ಇದರ ಅರ್ಥ. ಅದೂ ಮುಂಜಾಗ್ರತಾ ಸಭೆಯಲ್ಲಿ! ಹೆಗಡೇರ ಕಿವಿಗೆ ಬಿದ್ದದ್ದು 'ಬ್ರಿಜ್' ಒಂದೇ. ಮನೆಗೆ ಹೋಗಿ "ಬ್ರಿಜ್ ಸ್ಯಾಂಕ್ಷನ್ ಆತು" ಅಂದರು. ಊರಿನವರು ಅಭಿನಂದನೆಯ ಬ್ಯಾನರನ್ನೂ ಕಟ್ಟಿದರು. ಬ್ಯಾನರಿಗೆ ಬಳಸಿದ ಹಗ್ಗದಲ್ಲಿ ದಬ್ಬೆಗೊಂದು ಕೈಹಿಡಿಕೆ ಆಗುತ್ತಿತ್ತು, ಇರಲಿ.

ಸೇತುವೆಯ ವಿಷಯದಲ್ಲಿ ಇಂಗ್ಲಿಷ್ ಬಹಳ ಉದಾರಿ. ಆಗಿಹೋದದ್ದನ್ನು ಮರೆತುಬಿಡಿ ಎನ್ನುವುದಕ್ಕೆ 'ವಾಟರ್ ಅಂಡರ್ ದ ಬ್ರಿಜ್' ಎನ್ನುತ್ತಾರೆ. ಸೇತುವೆ ಮೇಲೆ, ನೀರು ಕೆಳಗೆ ಎಂಬ ನಂಬಿಕೆ ಇರುವ ಊರಲ್ಲಿ ಹುಟ್ಟಿದ ಮಾತು. ಕಾರವಾರದಲ್ಲಿ 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆಯೇ ಕುಸಿದು ನೀರಿನ ಕೆಳಗೆ ಹೋಯಿತು, ಜೊತೆಗೊಂದು ಲಾರಿಯನ್ನೂ ಕರೆದುಕೊಂಡು. ಚಾಲಕ ಬದುಕಿಕೊಂಡ, ಪುಣ್ಯ.

'ಬಾಲ್ ಈಸ್ ಇನ್ ದೇರ್ ಕೋರ್ಟ್' ಎಂಬುದು ಸಭೆಯ ರಾಷ್ಟ್ರಗೀತೆ. ಟೆನಿಸ್ಸಿನಿಂದ ಬಂದದ್ದು, ಇನ್ನು ಹೊಡೆಯಬೇಕಾದವರು ಅವರು ಅಂತ. ನಮ್ಮ ಜಿಲ್ಲೆಯ ಬಹುಪಾಲು ಕಾಡು. ಹಾಗಾಗಿ ಯಾವ ಇಲಾಖೆ ಹೊಡೆದರೂ ಚೆಂಡು ಅರಣ್ಯ ಇಲಾಖೆಯ ಅಂಗಳಕ್ಕೇ ಬೀಳುತ್ತದೆ. ಅವರು ಬೇಲಿ ದಾಟಿಸಿ ಹೆದ್ದಾರಿಯವರಿಗೆ, ಹೆದ್ದಾರಿಯವರು ಗುತ್ತಿಗೆದಾರರಿಗೆ. ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗದ ಚೆಂಡು ಮಾತ್ರ ನಿಜವಾದ ಕೋರ್ಟಿಗೇ ಹೋಯಿತು. ಶಿಲಾನ್ಯಾಸ ನೋಡಲು ಅಪ್ಪನ ಹೆಗಲೇರಿ ಹೋದವರು ಈಗ ತಮ್ಮ ಮಕ್ಕಳಿಗೆ ಬಸ್ ಪಾಸ್ ಮಾಡಿಸುತ್ತಿದ್ದಾರೆ.

ತೋಟಗಾರಿಕೆಯ ಸರದಿ ಬಂದಾಗ ಇನ್ನೊಂದು ಮಜಾ. "ಮೊದಲು ಲೋ ಹ್ಯಾಂಗಿಂಗ್ ಫ್ರೂಟ್ ನೋಡೋಣ" ಎನ್ನುತ್ತಾರೆ. ಸುಲಭಕ್ಕೆ ಆಗುವ ಕೆಲಸ ಮೊದಲು ಎಂದು ತಾತ್ಪರ್ಯ. ಸ್ವಾಮೀ, ಇದು ಅಡಿಕೆ ಸೀಮೆ! ಕೊನೆ ಇಳಿಸಲು ಕೊನೆಗೌಡ ಮರದ ತುದಿಗೇ ಹತ್ತಬೇಕು, ಒಂದು ಮರದಿಂದ ಇನ್ನೊಂದಕ್ಕೆ ಜೋಲಿ ಹೊಡೆಯಬೇಕು. ಈಗ ಅವರು ಸಿಗುವುದೂ ಅಪರೂಪ. ಕೈಗೆ ಎಟಕುವ ಹಾಗೆ ಅಡಿಕೆ ಸಿಗುವುದು ಆಷಾಢದ ಮಳೆಯಲ್ಲಿ, ಕೊಳೆ ರೋಗ ಬಂದಾಗ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮದ್ದು ಹೊಡೆಯಲು ಎರಡು ದಿನ ಮಳೆ ಬಿಟ್ಟು ಹೊಳವಾಗದಿದ್ದರೆ ಸಾಕು, ಹಸಿರು ಕಾಯಿ ಬುಡದಲ್ಲಿ ಹಾಸಿಗೆ ಹಾಸಿದಂತೆ ಬಿದ್ದಿರುತ್ತದೆ. ಬಗ್ಗಿ ಆರಿಸಿಕೊಂಡು ಗೊಬ್ಬರ ಗುಂಡಿಗೆ ಹಾಕಬಹುದು. ಇದಕ್ಕಿಂತ ಸುಲಭದ ಹಣ್ಣು ಎಲ್ಲಿದೆ ಹೇಳಿ?

ಜೋರು ಮಳೆಗೆ ಬೆಕ್ಕು ನಾಯಿ ಸುರಿಯುತ್ತಿವೆ ಎನ್ನುವ 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಬಗ್ಗೆ ಏನು ಹೇಳುವುದು. ಲಂಡನ್ನಿನಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ನಮ್ಮ ಕರಾವಳಿಗೆ ಅಷ್ಟನ್ನು ಸುರಿಸಲು ಜುಲೈ ತಿಂಗಳೊಂದೇ ಸಾಕು. ಅವರಿಗೆ ಬೆಕ್ಕು ನಾಯಿ ಆದರೆ ನಮಗೆ ಎಮ್ಮೆ, ಆನೆ ಬೀಳಬೇಕಿತ್ತು. ಆನೆ ಅಂದ ಮೇಲೆ ನೆನಪಾಯಿತು: ಎಲ್ಲರಿಗೂ ಕಂಡರೂ ಯಾರೂ ಬಾಯಿ ಬಿಡದ ವಿಷಯಕ್ಕೆ 'ಎಲಿಫೆಂಟ್ ಇನ್ ದ ರೂಮ್' ಎನ್ನುತ್ತಾರೆ. ಮುಂಡಗೋಡಿನ ರೈತ ಇದನ್ನು ಕೇಳಿ ಗಾಬರಿಯಾದ. ಅವನ ಗದ್ದೆಗೆ ಬಂದದ್ದು ಸಭೆಗೂ ಬಂತಾ ಅಂತ!

ಕಂಡೂ ಕಾಣದ ಹಾಗೆ ಇರುವುದಕ್ಕೆ 'ಟರ್ನ್ ಎ ಬ್ಲೈಂಡ್ ಐ' ಎನ್ನುತ್ತಾರೆ, ಅದಕ್ಕೂ ಒಂದು ಕಥೆ ಇದೆ. 1801ರ ಕೋಪನ್‌ಹೇಗನ್ ಯುದ್ಧದಲ್ಲಿ ಹಿಂದೆ ಸರಿ ಎಂದು ಮೇಲಿನವರ ಸಂಕೇತ ಬಂದಾಗ, ಇಂಗ್ಲಿಷ್ ನೌಕಾಪಡೆಯ ನೆಲ್ಸನ್ ತನ್ನ ಕಾಣದ ಕಣ್ಣಿಗೆ ದುರ್ಬೀನು ಹಿಡಿದು "ನನಗೇನೂ ಕಾಣ್ತಾ ಇಲ್ಲ" ಎಂದನಂತೆ. ರಾತ್ರಿ ಹೊಳೆಯಿಂದ ಮರಳು ಹೇರಿಕೊಂಡು ಹೋಗುವ ಲಾರಿ ನಮ್ಮಲ್ಲಿ ಯಾರಿಗೂ ಕಾಣುವುದಿಲ್ಲ. ದುರ್ಬೀನಿನ ಖರ್ಚೂ ಇಲ್ಲ, ಎರಡೂ ಕಣ್ಣು ಚೆನ್ನಾಗಿಯೇ ಇವೆ.

ಊರ ಹುಡುಗರು ಈಗ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಾರೆ. ಅವರಲ್ಲೊಬ್ಬ ಮನೆ ತೆರಿಗೆಗೆ ಬಂದ ಬಿಲ್ ಕಲೆಕ್ಟರಿಗೆ ಕಾಲ ಮೇಲೆ ಕಾಲು ಹಾಕಿಕೊಂಡೇ "ಆಲ್ ಇನ್ ಗುಡ್ ಟೈಮ್", ಅಂದರೆ ಅವಸರ ಬೇಡ, ಸಮಯ ಬಂದಾಗ ಎಲ್ಲ ಆಗುತ್ತದೆ ಎಂದು ಹೇಳಿ ನೋಡಿದ.

ಬಿಲ್ ಕಲೆಕ್ಟರ್ ರಸೀದಿ ಪುಸ್ತಕದ ನಡುವೆ ಕಾರ್ಬನ್ ಸರಿಮಾಡಿಕೊಂಡ. "ತಮಾ, ಸೋಮವಾರದೊಳಗೆ ಕಟ್ಟದಿದ್ರೆ ನಳ ಬಂದ್ ಮಾಡ್ತೇವೆ. ಅಪ್ಪನ ಹತ್ರ ಹೇಳು."